ಜೈಲಿನಿಂದ ಬರುವ ತಮ್ಮನಿಗೆ ಕಾರವಾರದಲ್ಲಿ ಮನೆ ಸಿಗುತ್ತದಾ?

ಪ್ರಶ್ನೆ: ನನ್ನ ತಮ್ಮ ಹೊಡೆದಾಟದ ಕೇಸಿನಲ್ಲಿ ಶಿಕ್ಷೆಯಾಗಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದಾನೆ. ಆ ಗಲಾಟೆಯಲ್ಲಿ ನಮ್ಮೂರಿನವರೇ ಒಬ್ಬರು ತೀರಿಕೊಂಡರು. ಹತ್ತು ವರ್ಷ ಶಿಕ್ಷೆ ಆಗಿತ್ತು. ಮಾಫಿ (ಶಿಕ್ಷೆಯಲ್ಲಿ ಸಿಗುವ ಕಡಿತ) ಕಳೆದು ಎಂಟು ವರ್ಷಕ್ಕೆ, ಈ ಮೇ ಕೊನೆಗೆ ಬಿಡುಗಡೆ ಅನ್ನುತ್ತಿದ್ದಾರೆ. ಅಪ್ಪ ಮೊದಲೇ ಹೋಗಿದ್ದರು, ಮೂರು ವರ್ಷದ ಹಿಂದೆ ಅಮ್ಮನೂ ಹೋದರು. ಅಂಕೋಲಾ ತಾಲೂಕಿನ ಊರಮನೆಯಲ್ಲಿ ಅಣ್ಣ ಇದ್ದಾನೆ. 'ಜೈಲಿಗೆ ಹೋದವನಿಗೆ ಪಾಲೂ ಇಲ್ಲ, ಜಾಗವೂ ಇಲ್ಲ' ಅನ್ನುತ್ತಾನೆ. ನಾನು ಮದುವೆಯಾಗಿ ಕಾರವಾರದಲ್ಲಿದ್ದೇನೆ. ನಮ್ಮದು ಎರಡು ಕೋಣೆಯ ಮನೆ, ಅತ್ತೆ ಮಾವನೂ ಇದ್ದಾರೆ. ತಮ್ಮ ಮೊದಲು ಬೋಟಿಗೆ ಹೋಗುತ್ತಿದ್ದ, ಜೈಲಿನಲ್ಲಿ ಬಡಗಿ ಕೆಲಸ ಕಲಿತಿದ್ದಾನೆ. ಶಿರಸಿ ಕಡೆಯ ಒಬ್ಬರು ತೋಟದಲ್ಲಿ ಕೆಲಸ, ಬಿಡಾರ ಎರಡೂ ಕೊಡುತ್ತೇವೆ ಅಂದಿದ್ದಾರೆ. ಅಲ್ಲಿಗೆ ಕಳಿಸಲಾ? ಅಥವಾ ನನ್ನ ಹೆಸರಿನಲ್ಲಿ ಇಲ್ಲೇ ಬಾಡಿಗೆ ಮನೆ ಮಾಡಿ ಅವನನ್ನು ಇಡಲಾ? ಮಾಲೀಕರಿಗೆ ವಿಷಯ ಹೇಳದಿದ್ದರೆ ತಪ್ಪಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಮಾಲೀಕರಿಗೆ ಹೇಳಿ. ಅವರು ಕೇಳುವ ಮೊದಲೇ ಹೇಳಿ.

ಹೇಳಲೇಬೇಕು ಅಂತ ಯಾವ ಕಾನೂನೂ ಇಲ್ಲ. ಆದರೆ ಜೈಲಿಗೆ ಹೋಗಿ ಬಂದವರಿಗೆ ಮನೆ ಕೊಡಲೇಬೇಕು ಅಂತಲೂ ಕಾನೂನಿಲ್ಲ. ತಿಂಗಳ ಬಾಡಿಗೆಗೆ ಇದ್ದವರನ್ನು ಹದಿನೈದು ದಿನದ ನೋಟಿಸ್ ಕೊಟ್ಟು ಬಿಡಿಸಲು ಆಸ್ತಿ ವರ್ಗಾವಣೆ ಕಾಯ್ದೆ ಮಾಲೀಕರಿಗೆ ಅವಕಾಶ ಕೊಡುತ್ತದೆ. ಅವರ ಮನಸ್ಸು ಮುರಿದರೆ ಮನೆ ಹೋಯಿತು ಅಂತಲೇ ಲೆಕ್ಕ. ಕಾರವಾರ ದೊಡ್ಡ ಪಟ್ಟಣವೇನಲ್ಲ. ಅಂಕೋಲೆಯವರ ನೆಂಟರು ನಂದನಗದ್ದಾದಲ್ಲಿರುತ್ತಾರೆ, ಮೀನು ಪೇಟೆಯಲ್ಲಿ ಸಿಗುತ್ತಾರೆ. ವಿಷಯ ಮಾಲೀಕರ ಕಿವಿಗೆ ಬಿದ್ದೇ ಬೀಳುತ್ತದೆ. ಬೇರೆಯವರ ಬಾಯಲ್ಲಿ ಕೇಳಿದಾಗ ಅವರಿಗೆ ಆ ಕೇಸಿಗಿಂತ ಮೋಸ ಹೋದೆ ಅನ್ನುವುದೇ ದೊಡ್ಡದಾಗಿ ಕಾಣುತ್ತದೆ. ಹೀಗೆ ಒಂದೆರಡು ತಿಂಗಳಲ್ಲೇ ಮನೆ ಬಿಟ್ಟವರನ್ನು ನಾನು ಕಾನೂನು ನೆರವಿನ ಕೆಲಸದಲ್ಲಿ ಸಾಕಷ್ಟು ನೋಡಿದ್ದೇನೆ. ಮೊದಲೇ ಹೇಳಿ ಒಪ್ಪಿಸಿಕೊಂಡವರು ಅಷ್ಟು ಸುಲಭವಾಗಿ ಮನೆ ಕಳೆದುಕೊಂಡಿಲ್ಲ.

ಹೇಗೆ ಹೇಳುವುದು ಅನ್ನುವುದೇ ಕಷ್ಟ ಅಲ್ವಾ? ಉದ್ದ ಕಥೆ ಬೇಡ. ಯಾರದು ತಪ್ಪು ಅಂತ ವಾದ ಬೇಡ, ಅಳುವುದೂ ಬೇಡ. ಹೀಗೆ ಹೇಳಿದರೆ ಸಾಕು: 'ಅಕ್ಕಾ, ಮನೆ ನನ್ನ ತಮ್ಮನಿಗೆ. ಹೊಡೆದಾಟದ ಕೇಸಿನಲ್ಲಿ ಎಂಟು ವರ್ಷ ಜೈಲಿನಲ್ಲಿದ್ದ. ಶಿಕ್ಷೆ ಮುಗೀತು. ಬಡಗಿ ಕೆಲಸಕ್ಕೆ ಹೋಗ್ತಾನೆ. ನಾನು ಇಲ್ಲೇ ಹತ್ತಿರ ಇರ್ತೇನೆ, ಏನಿದ್ದರೂ ನನಗೆ ಫೋನ್ ಮಾಡಿ. ಮೂರು ತಿಂಗಳು ನೋಡಿ, ಬೇಡ ಅನ್ನಿಸಿದರೆ ಹೇಳಿ, ನಾನೇ ಖಾಲಿ ಮಾಡಿಸ್ತೇನೆ.' ಈ ಕೊನೆಯ ಮಾತು ಜಾಸ್ತಿ ಕೆಲಸ ಮಾಡುತ್ತದೆ. ಮಾಲೀಕರ ಹೆದರಿಕೆ ನಿಮ್ಮ ತಮ್ಮನ ಬಗ್ಗೆ ಅಲ್ಲ. ಏನಾದರೂ ಆದರೆ ಬಿಡಿಸುವುದು ಹೇಗೆ ಅನ್ನುವ ಹೆದರಿಕೆ ಅದು. ಅದನ್ನು ನೀವು ಹೊತ್ತುಕೊಂಡರೆ ಅರ್ಧ ಜನ ಯೋಚನೆ ಮಾಡಲು ಒಪ್ಪುತ್ತಾರೆ. ಉಳಿದ ಅರ್ಧ ಆಗಲ್ಲ ಅನ್ನುತ್ತಾರೆ. ಅವರ ಜೊತೆ ಜಗಳ ಬೇಡ, ಮುಂದಿನ ಮನೆ ನೋಡಿ.

ನಿಮ್ಮ ಜೊತೆ ಇನ್ನೊಬ್ಬರು ಮಾತು ಕೊಟ್ಟರೆ ಇನ್ನೂ ಒಳ್ಳೆಯದು. ಅಪ್ಪನ ಕಾಲದ ಬೋಟಿನ ಯಜಮಾನರು, ಶಾಲೆಯ ಮೇಷ್ಟ್ರು, ನಿಮ್ಮ ಮಾವ, ಹೀಗೆ ಮಾಲೀಕರಿಗೆ ಪರಿಚಯ ಇರುವ ಯಾರಾದರೂ. ನಮ್ಮ ಕಡೆ ಕರಾರು ಪತ್ರ ಆಮೇಲೆ. ಮೊದಲು ಕೇಳುವುದು 'ಯಾರ ಕಡೆಯವರು?' ಅಂತ. ಜೈಲಿನಿಂದ ಬಂದವನ ಕಡೆಯವರು ಅಂತ ಒಬ್ಬರಾದರೂ ಎದ್ದು ನಿಲ್ಲಬೇಕು.

ಇನ್ನು ನಿಮ್ಮ ಹೆಸರಿನಲ್ಲಿ ಮನೆ ಮಾಡುವ ವಿಚಾರ. ನಿಮ್ಮೊಬ್ಬರ ಹೆಸರಿನಲ್ಲಿ ಬೇಡ. ಕರಾರಿನಲ್ಲಿ ಬಾಡಿಗೆದಾರ ನಿಮ್ಮ ತಮ್ಮ, ನೀವು ಜಾಮೀನುದಾರರು ಅಂತ ಬರೆಸಿ. ಹನ್ನೊಂದು ತಿಂಗಳ ಕರಾರು ಸಾಕು. ಒಂದು ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಾಗುತ್ತದೆ. ಅವನ ಹೆಸರು ಕಾಗದದಲ್ಲಿ ಇರಬೇಕು ಅನ್ನಲು ಕಾರಣ ಇದೆ. ಎಂಟು ವರ್ಷ ಅವನ ವಿಳಾಸವೇ ಜೈಲು. ಹೊರಗೆ ಬಂದ ಮೇಲೆ ಬ್ಯಾಂಕು, ರೇಷನ್, ಗ್ಯಾಸ್, ಕೆಲಸ ಎಲ್ಲದಕ್ಕೂ 'ಎಲ್ಲಿದ್ದೀರಿ?' ಅಂತ ಕೇಳುತ್ತಾರೆ. ತೋರಿಸಲು ಅವನದೇ ಒಂದು ಕಾಗದ ಬೇಕು. ಡಿಪಾಜಿಟ್ ಕೊಟ್ಟದ್ದಕ್ಕೆ ರಸೀದಿ ತೆಗೆದುಕೊಳ್ಳಿ, ಬಾಡಿಗೆಯನ್ನು ಅವನ ಖಾತೆಯಿಂದಲೇ ಕೊಡಿಸಿ. ಈ ಮಾಲೀಕರು ಮುಂದೆ ಇನ್ನೊಬ್ಬ ಮಾಲೀಕರಿಗೆ 'ಹುಡುಗ ಒಳ್ಳೆಯವನು, ಬಾಡಿಗೆ ತಪ್ಪಿಸಲಿಲ್ಲ' ಅಂತ ಹೇಳುವ ಹಾಗಾಗಬೇಕು.

ಎಲ್ಲಿ ಹುಡುಕುವುದು? ಪೇಟೆಯೊಳಗೆ ಬೇಡ. ನೌಕಾನೆಲೆ, ಕೈಗಾ, ಮೆಡಿಕಲ್ ಕಾಲೇಜು, ಸರಕಾರಿ ಕಚೇರಿ ಎಲ್ಲ ಇರುವುದರಿಂದ ಕಾಜುಬಾಗ, ಹಬ್ಬುವಾಡದಂಥ ಕಡೆ ಸಂಬಳದವರಿಗೇ ಮನೆ ಕೊಡುತ್ತಾರೆ, ಬಾಡಿಗೆಯೂ ಜಾಸ್ತಿ. ಶಿರವಾಡ, ಬಿಣಗಾ, ಸೇತುವೆಯಾಚೆ ಸದಾಶಿವಗಡ, ಚಿತ್ತಾಕುಲಾ ಕಡೆ ಚಾಳದ ಕೋಣೆ ಅಥವಾ ಮನೆ ಹಿಂದಿನ ಒಂಟಿ ಕೋಣೆ ಕೇಳಿ ನೋಡಿ. ಬೋರ್ಡು ಹಾಕುವವರು ಕಡಿಮೆ. ಕಿರಾಣಿ ಅಂಗಡಿ, ಬಡಗಿ ಶೆಡ್ಡು, ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳಬೇಕು. ತೀರಾ ಅಗ್ಗದ ಕೋಣೆ ಸಿಕ್ಕರೆ ಮೇಲೆ ಕೆಳಗೆ ನೋಡಿ. ಹೆದ್ದಾರಿಗಾಗಿ ಕಡಿದ ಗುಡ್ಡದ ಬುಡದಲ್ಲಿದೆಯಾ, ಕಾಳಿ ನದಿಯ ದಂಡೆಯಲ್ಲಿದೆಯಾ ಅಂತ. ನಿಮ್ಮ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಏನಾಯಿತು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕದ್ರಾ ಅಣೆಕಟ್ಟಿನ ನೀರು ಬಿಟ್ಟಾಗ ನದಿಯಂಚಿನವರು ಸಾಮಾನು ಹೊತ್ತು ಓಡುವುದನ್ನೂ ನೋಡಿದ್ದೀರಿ. ಅವನು ಬರುವುದೇ ಮಳೆಗಾಲದ ಬಾಗಿಲಿಗೆ. ಮಳೆ ಹಿಡಿದ ಮೇಲೆ ಮನೆ ಹುಡುಕುವುದು ಕಷ್ಟ. ಏಪ್ರಿಲ್‌ನಲ್ಲೇ ಮಾತಾಡಿಟ್ಟು, ಮೇಯಿಂದ ಬಾಡಿಗೆ ಶುರು ಮಾಡಿ. ಒಂದು ತಿಂಗಳ ಬಾಡಿಗೆ ಸುಮ್ನೆ ಹೋಯಿತು ಅನ್ನಿಸಬಹುದು. ಬಿಡುಗಡೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು 'ಈಗ ಎಲ್ಲಿಗೆ?' ಅನ್ನುವ ಪಾಡು ಅದರಿಂದ ತಪ್ಪುತ್ತದೆ.

ಬೋಟಿನ ಕೆಲಸಕ್ಕೆ ಅವನನ್ನು ಕರೆಯುವವರು ಬಂದೇ ಬರುತ್ತಾರೆ. ಬೈತಖೋಲ, ಬೇಲೆಕೇರಿ, ತದಡಿ ಎಲ್ಲ ಕಡೆ ಆಳು ಬೇಕು. ಊಟ, ಮಲಗುವುದು ಬೋಟಿನಲ್ಲೇ ಆಗುತ್ತದೆ, ಮನೆಯ ಚಿಂತೆ ಇಲ್ಲ ಅನ್ನಿಸುತ್ತದೆ. ಆದರೆ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ನಿಷೇಧ. ಮೇ ಕೊನೆಗೆ ಹೊರಬಂದವನಿಗೆ ಮೊದಲ ಎರಡು ತಿಂಗಳೇ ಕೆಲಸವೂ ಇಲ್ಲ, ಮಲಗಲು ಬೋಟೂ ಇಲ್ಲ. ಆಗಸ್ಟ್‌ನಲ್ಲಿ ಹೋದರೂ ಮುಂದಿನ ಜೂನ್ ಬಂದೇ ಬರುತ್ತದೆ. ಬಡಗಿ ಕೆಲಸ ಹಾಗಲ್ಲ. ಮಳೆಗಾಲದಲ್ಲೂ ಶೆಡ್ಡಿನೊಳಗೆ ಬಾಗಿಲು, ಕಿಟಕಿ, ಮಂಚದ ಕೆಲಸ ಇರುತ್ತದೆ. ಈಗಲೇ ಒಬ್ಬ ಮೇಸ್ತ್ರಿಯ ಹತ್ತಿರ ಮಾತಾಡಿ. ಜೈಲಿನಲ್ಲಿ ಕೆಲಸ ಕಲಿತದ್ದಕ್ಕೆ ಪ್ರಮಾಣಪತ್ರ ಕೊಡುತ್ತಾರಾ ಅಂತ ತಮ್ಮನಿಗೆ ಅಲ್ಲೇ ಕೇಳಲು ಹೇಳಿ.

ಶಿರಸಿಯ ಬಿಡಾರದ ಬಗ್ಗೆ ನನಗೆ ಎರಡು ಮನಸ್ಸು. ಅಡಿಕೆ ತೋಟದ ಮನೆಯವರಲ್ಲಿ ಒಳ್ಳೆಯವರು ತುಂಬಾ ಜನ ಇದ್ದಾರೆ. ಊರಿನಿಂದ ದೂರ ಇರುವುದೂ ಒಂದು ಲಾಭವೇ. ಆದರೆ ಕೆಲಸ ಕೊಟ್ಟವರದೇ ಮನೆ ಆದರೆ, ಕೆಲಸ ಹೋದ ದಿನವೇ ಮನೆಯೂ ಹೋಗುತ್ತದೆ. ಕೂಲಿ ಕಡಿಮೆ ಕೊಟ್ಟರೂ ಬಾಯಿಬಿಡಲು ಆಗುವುದಿಲ್ಲ. ಕಳಿಸುವುದಾದರೆ ಮೂರು ವಿಷಯ ಮೊದಲೇ ಮಾತಾಡಿ. ಕೊಯ್ಲು, ಸುಲಿಯುವ ಕೆಲಸ ಮುಗಿದ ಮೇಲೂ ಕೆಲಸ ಉಂಟಾ, ಕೂಲಿಯನ್ನು ವಾರಕ್ಕೋ ತಿಂಗಳಿಗೋ ಕೈಗೇ ಕೊಡುತ್ತಾರಾ, ಬೇಡ ಅನ್ನಿಸಿದರೆ ಬಿಡಾರ ಬಿಡಲು ಎಷ್ಟು ದಿನ ಕೊಡುತ್ತಾರೆ. ಮುಂಗಡ ಸಾಲ ಮಾತ್ರ ತೆಗೆದುಕೊಳ್ಳುವುದು ಬೇಡ. ಕಾರವಾರದಲ್ಲಿ ಮನೆ ಸಿಕ್ಕದೇ ಹೋದರೆ ಶಿರಸಿ ಆಗಬಹುದು. ಮೊದಲ ಆಯ್ಕೆ ಅಂತ ನಾನು ಹೇಳುವುದಿಲ್ಲ, ಯಾಕೆಂದರೆ ಅವನಿಗೆ ಆಸರೆ ನೀವು, ನೀವಿರುವುದು ಕಾರವಾರದಲ್ಲಿ.

ಊರಮನೆಗೆ ಮಾತ್ರ ಈಗಲೇ ಬೇಡ. ಅಣ್ಣ ಬೇಡ ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ನಿಮ್ಮ ಪತ್ರದಲ್ಲಿ ಅದು ಒಂದೇ ಸಾಲಿನಲ್ಲಿ ಬಂದು ಹೋಗಿದೆ. ತೀರಿಕೊಂಡವರು ನಿಮ್ಮೂರಿನವರು. ಅವರ ಹೆಂಡತಿಯೋ ತಾಯಿಯೋ ಮಕ್ಕಳೋ ಅಲ್ಲೇ ಇರುತ್ತಾರೆ. ಬೆಳಿಗ್ಗೆ ಬಾಗಿಲು ತೆರೆದರೆ ನಿಮ್ಮ ತಮ್ಮ ರಸ್ತೆಯಲ್ಲಿ ಕಾಣುವುದು ಅವರಿಗೆ ಎಂಥ ಸಂಕಟ ಅಂತ ಯೋಚಿಸಿ. ಶಿಕ್ಷೆ ಮುಗಿದಿರಬಹುದು, ಅವರ ಮನೆಯಲ್ಲಿ ಕುರ್ಚಿ ಖಾಲಿಯೇ ಇದೆ. ಅವನು ತಾನಾಗಿ ಹೋಗಿ ಕ್ಷಮೆ ಕೇಳುವುದೂ ಬೇಡ, ಒಳ್ಳೆಯ ಮನಸ್ಸಿನಿಂದ ಹೋದರೂ ಬೆದರಿಸಲು ಬಂದ ಅಂತ ಆಗಬಹುದು. ಕೆಲವು ಕಾಲ ಕಳೆದ ಮೇಲೆ, ಅವರು ಬಯಸಿದರೆ, ಊರ ಹಿರಿಯರ ಮೂಲಕ ಆ ಮಾತು ಆಗಲಿ. ಅಲ್ಲಿಯವರೆಗೆ ಊರ ಹಬ್ಬ, ಬಂಡಿಹಬ್ಬಕ್ಕೂ ಹೋಗದಿರುವುದು ಒಳ್ಳೆಯದು.

ಬಿಡುಗಡೆ ಯಾವ ರೀತಿಯದು ಅಂತಲೂ ಖಚಿತ ಮಾಡಿಕೊಳ್ಳಿ. ದುಡಿದು ಗಳಿಸಿದ ಮಾಫಿ ಕಳೆದು ಶಿಕ್ಷೆ ಪೂರ್ತಿ ಮುಗಿದಿದ್ದರೆ ಸಾಮಾನ್ಯವಾಗಿ ಷರತ್ತು ಇರುವುದಿಲ್ಲ. ಸರಕಾರ ಅವಧಿಗೆ ಮೊದಲೇ ಬಿಟ್ಟಿದ್ದರೆ ಷರತ್ತು ಇರುತ್ತದೆ. ಅದನ್ನು ಮುರಿದರೆ ಉಳಿದ ಶಿಕ್ಷೆಗೆ ಮತ್ತೆ ಒಳಗೆ ಹೋಗಬೇಕಾಗುತ್ತದೆ. ಅಂಥ ಸ್ಥಿತಿಯಲ್ಲಿ ಅಣ್ಣನ ಜೊತೆ ಅಂಗಳದಲ್ಲಿ ಒಂದು ಜಗಳ, ಅದರ ಮೇಲೊಂದು ದೂರು ಎಷ್ಟು ದುಬಾರಿ ಅಂತ ನೋಡಿ. ತೀರ್ಪಿನಲ್ಲಿ ದಂಡ ಇದೆಯಾ ಅಂತಲೂ ನೋಡಿ. ದಂಡ ಕಟ್ಟದಿದ್ದರೆ ಅದರ ಬದಲಿಗೆ ಇನ್ನಷ್ಟು ತಿಂಗಳು ಒಳಗಿರಬೇಕು, ಮೇ ಅನ್ನುವ ಲೆಕ್ಕವೇ ತಪ್ಪುತ್ತದೆ. ಕಟ್ಟಲು ಶಕ್ತಿ ಇಲ್ಲದವರಿಗೆ 2023ರಲ್ಲಿ ಬಂದ ಬಡ ಕೈದಿಗಳ ನೆರವಿನ ಕೇಂದ್ರ ಯೋಜನೆಯಲ್ಲಿ ₹25,000ವರೆಗೆ ದಂಡ ತುಂಬಿಕೊಡಲು ಅವಕಾಶ ಇದೆ. ಜೈಲು ಅಧೀಕ್ಷಕರ ಮೂಲಕ ಅರ್ಜಿ ಹೋಗಬೇಕು.

ಪೊಲೀಸರ ವಿಷಯ. ಶಿಕ್ಷೆ ಪೂರ್ತಿ ಮುಗಿಸಿದವನು ಠಾಣೆಗೆ ಹೋಗಿ ಸಹಿ ಹಾಕಬೇಕು ಅಂತ ಸಾಮಾನ್ಯ ನಿಯಮ ಇಲ್ಲ. ಎರಡನೇ ಸಲ ಶಿಕ್ಷೆಯಾದ ಕೆಲವು ಪ್ರಕರಣಗಳಲ್ಲಿ ವಿಳಾಸ ತಿಳಿಸುತ್ತಿರಬೇಕು ಅಂತ ಕೋರ್ಟು ಆದೇಶ ಮಾಡಬಹುದು, ಅದೂ ಹೆಚ್ಚೆಂದರೆ ಐದು ವರ್ಷ. ನಿಮ್ಮ ತಮ್ಮನಿಗೆ ಅಂಥದ್ದು ಇದೆಯಾ ಅಂತ ತೀರ್ಪು ನೋಡಿದರೆ ಗೊತ್ತಾಗುತ್ತದೆ. ಇಲ್ಲದಿದ್ದರೂ ನನ್ನ ಸಲಹೆ, ಮನೆ ಹಿಡಿದ ವಾರದಲ್ಲೇ ನೀವೂ ಅವನೂ ಠಾಣೆಗೆ ಹೋಗಿ, ಬಿಡುಗಡೆ ಪತ್ರದ ಪ್ರತಿ ಕೊಟ್ಟು, ಇಲ್ಲಿ ಇರುತ್ತೇನೆ, ಇಂಥಲ್ಲಿ ಕೆಲಸ ಅಂತ ಹೇಳಿ ಬನ್ನಿ. ಇಲ್ಲದಿದ್ದರೆ ಪೇದೆ ವಿಚಾರಿಸಲು ನೇರ ಮಾಲೀಕರ ಬಾಗಿಲಿಗೆ ಬರುತ್ತಾರೆ. ಅಕ್ಕಪಕ್ಕದವರು ಅದನ್ನು ನೋಡುತ್ತಾರೆ. ಹೇಳಿದ ಮೇಲೂ ರಾತ್ರಿ ಹೊತ್ತು ಬಂದು ಕಾಡುತ್ತಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೂ ಬರೆದು ಕೊಡಿ.

ಕಾಗದಗಳಲ್ಲಿ ಎಡವುವುದು ತೀರಾ ಸಣ್ಣ ಕಡೆ. ಅವನ ಆಧಾರ್‌ಗೆ ಜೋಡಿಸಿದ್ದ ಹಳೆಯ ಮೊಬೈಲ್ ನಂಬರ್ ಈಗ ಬೇರೆ ಯಾರ ಕೈಯಲ್ಲೋ ಇರುತ್ತದೆ. ಓಟಿಪಿ ಅವರಿಗೆ ಹೋಗುತ್ತದೆ, ಇವನ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಹಾಗಾಗಿ ಹೊಸ ಸಿಮ್, ಆಧಾರ್ ಕೇಂದ್ರ, ಆಮೇಲೆ ಬ್ಯಾಂಕು, ಈ ಕ್ರಮದಲ್ಲಿ ಹೋಗಿ. ವಿಳಾಸ ಬದಲಿಸಲು ಬೇರೆ ದಾಖಲೆ ಇಲ್ಲದಿದ್ದರೆ ಗೆಜೆಟೆಡ್ ಅಧಿಕಾರಿಯ ಸಹಿ, ಮೊಹರು ಇರುವ ಆಧಾರ್ ಪ್ರಮಾಣಪತ್ರದ ನಮೂನೆ ನಡೆಯುತ್ತದೆ. ಅದರ ಆಯುಸ್ಸು ಮೂರು ತಿಂಗಳು ಮಾತ್ರ. ಎರಡು ವರ್ಷ ವ್ಯವಹಾರ ಇಲ್ಲದ ಬ್ಯಾಂಕ್ ಖಾತೆ ನಿಂತುಹೋಗಿರುತ್ತದೆ, ಕೆವೈಸಿ ಕೊಟ್ಟು ಮತ್ತೆ ಚಾಲು ಮಾಡಿಸಬೇಕು. ಜೈಲಿನಲ್ಲಿ ದುಡಿದ ಕೂಲಿ ಅವನ ಲೆಕ್ಕದಲ್ಲಿ ಎಷ್ಟಿದೆ ಅಂತ ಮೊದಲೇ ಕೇಳಿ. ಡಿಪಾಜಿಟ್‌ಗೆ ಅದು ಆದೀತು. ಅಮ್ಮನ ರೇಷನ್ ಕಾರ್ಡಿನಲ್ಲಿದ್ದ ಅವನ ಹೆಸರು ಹೋಗಿರಬಹುದು, ಅದನ್ನು ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಯಲ್ಲಿ ವಿಚಾರಿಸಿ. ಬಿಡುಗಡೆ ಪತ್ರ ಕಳೆಯಬಾರದು, ನಾಲ್ಕು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ.

ಈಗ ಪಾಲು. ನಿಮ್ಮದು ಹಿಂದೂ ಕುಟುಂಬ, ಅಪ್ಪ ಅಮ್ಮ ಉಯಿಲು ಬರೆದಿಲ್ಲ ಅಂತ ಇಟ್ಟುಕೊಂಡು ಹೇಳುತ್ತೇನೆ. ಜೈಲಿಗೆ ಹೋದವನಿಗೆ ಪಾಲಿಲ್ಲ ಅನ್ನುವ ಮಾತು ಸುಳ್ಳು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 25ನೇ ಕಲಮಿನ ಪ್ರಕಾರ, ಯಾರ ಆಸ್ತಿಯೋ ಅವರನ್ನೇ ಕೊಂದವನಿಗೆ ಆ ಆಸ್ತಿ ಬರುವುದಿಲ್ಲ. ಬೇರೆಯವರ ಸಾವಿನ ಕೇಸಿನಲ್ಲಿ ಶಿಕ್ಷೆಯಾದರೆ ಅಪ್ಪ ಅಮ್ಮನ ಆಸ್ತಿಯ ಹಕ್ಕು ಹೋಗುವುದಿಲ್ಲ. ಅಣ್ಣ, ತಮ್ಮ, ನೀವು, ಮೂವರಿಗೂ ಸಮ ಪಾಲು. ನಿಮಗೂ ಇದೆ ಅನ್ನುವುದನ್ನು ಮರೆಯಬೇಡಿ. ಅಮ್ಮ ಹೋದ ಮೇಲೆ 'ಇಲ್ಲೊಂದು ಸಹಿ ಹಾಕು' ಅಂತ ಅಣ್ಣ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದಾನಾ ಅಂತ ನೆನಪು ಮಾಡಿಕೊಳ್ಳಿ. ಪಂಚಾಯಿತಿಯಲ್ಲಿ ಇ-ಸ್ವತ್ತು ಯಾರ ಹೆಸರಿಗಿದೆ, ಪಹಣಿಯಲ್ಲಿ ಯಾರ ಹೆಸರಿದೆ ನೋಡಿ. ಅಣ್ಣನೊಬ್ಬನ ಹೆಸರಿಗೆ ಖಾತೆ ಬದಲಾಗಿದ್ದರೂ ಅಷ್ಟರಿಂದಲೇ ಅವನೊಬ್ಬನೇ ಮಾಲೀಕ ಆಗುವುದಿಲ್ಲ. ಮನೆ ಅರಣ್ಯ ಅತಿಕ್ರಮಣ ಜಾಗದಲ್ಲಿದ್ದರೆ ಅರಣ್ಯ ಹಕ್ಕಿನ ಅರ್ಜಿ ಯಾರ ಹೆಸರಿನಲ್ಲಿದೆ ಅಂತ ನೋಡಬೇಕು. ಆ ಹಕ್ಕು ಮಾರಲು ಬರುವುದಿಲ್ಲ, ವಾರಸುದಾರರಿಗೆ ಬರುತ್ತದೆ.

ಸುಮ್ಮನೆ ಕೂರಬೇಡಿ ಅನ್ನಲು ಇನ್ನೊಂದು ಕಾರಣ. ಕೂಡು ಕುಟುಂಬದ ಆಸ್ತಿಯಿಂದ ಹೊರಗಿಟ್ಟರೆ, ಅದು ಗೊತ್ತಾದ ದಿನದಿಂದ ಹನ್ನೆರಡು ವರ್ಷದೊಳಗೆ ದಾವೆ ಹಾಕಬೇಕು. ಜೈಲಿನಲ್ಲಿದ್ದ ವರ್ಷಗಳನ್ನು ಅದರಲ್ಲಿ ಕಳೆದು ಕೊಡುವುದಿಲ್ಲ. ನಿಮಗೆ ಇನ್ನೂ ಸಮಯ ಇದೆ. ಆದರೂ ದಾವೆಗಿಂತ ಮೊದಲು ಅಣ್ಣನ ಮುಂದೆ ಒಂದು ದಾರಿ ಇಡಿ. ತಮ್ಮ ಊರಮನೆಗೆ ಬರುವುದಿಲ್ಲ, ಅದರ ಬದಲು ಅಣ್ಣ ಈಗ ಬಾಡಿಗೆ ಮನೆಯ ಡಿಪಾಜಿಟ್, ಮತ್ತೆ ಆರು ತಿಂಗಳ ಬಾಡಿಗೆ ಕೊಡಲಿ. ಆ ಹಣವನ್ನು ಮುಂದೆ ತಮ್ಮನ ಪಾಲಿನ ಲೆಕ್ಕದಲ್ಲಿ ಹಿಡಿಯುವುದು ಅಂತ ಬರೆದುಕೊಳ್ಳಿ. ಪಾಲು ಇದೆ ಅಂತ ಅಣ್ಣ ಬರವಣಿಗೆಯಲ್ಲಿ ಒಪ್ಪಿದ ಹಾಗೂ ಆಯಿತು, ಎದುರೆದುರು ಬರುವುದೂ ತಪ್ಪಿತು. ಅಣ್ಣನಿಗೂ ಊರಲ್ಲಿ ತಲೆ ಎತ್ತಿ ಓಡಾಡುವುದು ಈ ಎಂಟು ವರ್ಷ ಕಷ್ಟವಾಗಿತ್ತು ಅನ್ನುವುದು ನೆನಪಿರಲಿ. ಮಾತು ಶುರು ಮಾಡುವಾಗ ಅದನ್ನೇ ಮೊದಲು ಹೇಳಿ.

ಈ ಮಾತುಕತೆಯನ್ನು ಕಾನೂನು ಸೇವಾ ಪ್ರಾಧಿಕಾರದಲ್ಲಿ, ದಾವೆ ಹಾಕುವ ಮೊದಲೇ ರಾಜಿಗೆ ಇಡಬಹುದು. ಅಂಕೋಲಾ ಕೋರ್ಟಿನಲ್ಲಿ ತಾಲೂಕು ಸಮಿತಿ, ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರ ಇದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ನೀವು ಹೆಣ್ಣುಮಗಳು, ಆದಾಯ ಎಷ್ಟೇ ಇರಲಿ ನಿಮಗೆ ಉಚಿತ ವಕೀಲರು ಸಿಗುತ್ತಾರೆ. ತಮ್ಮನೂ ಬಂಧನದಲ್ಲಿರುವವರೆಗೆ ಆದಾಯ ನೋಡದೆ ಅದಕ್ಕೆ ಅರ್ಹ. ಹೊರಗೆ ಬಂದ ಮೇಲೆ ಆದಾಯ, ಜಾತಿ ಎಲ್ಲ ನೋಡುತ್ತಾರೆ. ಅದಕ್ಕೇ ಅವನ ಅರ್ಜಿಯನ್ನು ಜೈಲಿನ ಕಾನೂನು ನೆರವು ಕೇಂದ್ರದಿಂದಲೇ ಈಗ ಹಾಕಿಸಿ.

ಇದೇ ಪರಿಸ್ಥಿತಿಯಲ್ಲಿ ಹೆಣ್ಣುಮಗಳೊಬ್ಬಳು ಹೊರಬಂದರೆ ಕಷ್ಟ ಇನ್ನೂ ಜಾಸ್ತಿ, ಒಂಟಿ ಹೆಣ್ಣಿಗೆ ಮನೆ ಕೊಡುವವರೇ ಕಡಿಮೆ. ಆದರೆ ಬೇರೆ ಆಸರೆ ಇಲ್ಲದೆ ಜೈಲಿನಿಂದ ಬಂದ ಮಹಿಳೆಯರನ್ನು ಸರಕಾರದ ಸ್ವಾಧಾರ ಗೃಹಗಳಲ್ಲಿ ಸೇರಿಸಿಕೊಳ್ಳುತ್ತಿದ್ದರು, ಈಗ ಅದು ಶಕ್ತಿ ಸದನ ಆಗಿದೆ. ಓದುವವರಲ್ಲಿ ಯಾರಿಗಾದರೂ ಬೇಕಿದ್ದರೆ 181ಕ್ಕೆ ಕರೆ ಮಾಡಿ.

ನಿಮ್ಮ ಪತ್ರದಲ್ಲಿ ಅಣ್ಣ ಏನಂದ, ಶಿರಸಿಯವರು ಏನಂದರು, ನೀವು ಏನು ಯೋಚಿಸಿದ್ದೀರಿ ಎಲ್ಲ ಇದೆ. ತಮ್ಮ ಏನಂದ ಅಂತ ಇಲ್ಲ. ಮುಂದಿನ ಮುಲಾಖತ್‌ಗೆ ಹೋದಾಗ, ಹೋಗಲು ಆಗದಿದ್ದರೆ ಇ-ಮುಲಾಖತ್ ವಿಡಿಯೋ ಕರೆಯಲ್ಲಿ, ಅವನನ್ನೇ ಕೇಳಿ. ಒಂಟಿ ಕೋಣೆಯಲ್ಲಿ ರಾತ್ರಿ ಒಬ್ಬನೇ ಇರಬಲ್ಲೆಯಾ ಅಂತ ಕೇಳಿ. ಎಂಟು ವರ್ಷ ಬ್ಯಾರಕ್‌ನಲ್ಲಿ ಹತ್ತಾರು ಜನರ ನಡುವೆ ಮಲಗಿದವರಿಗೆ ಅದು ಸುಲಭ ಅಲ್ಲ. ಕುಡಿತದ ಚಟ ಇತ್ತಾ, ಹಳೆಯ ಗೆಳೆಯರು ಇರುವ ಬಂದರಿನ ಕಡೆ ಹೋಗಬೇಕು ಅನ್ನಿಸುತ್ತದಾ, ಅಡುಗೆ ಮಾಡಿಕೊಳ್ಳಲು ಬರುತ್ತದಾ ಅಂತಲೂ ಕೇಳಿ. ಒಬ್ಬನೇ ಇರಲು ಹೆದರಿಕೆ ಅಂದರೆ, ಮೇಸ್ತ್ರಿಯ ಹತ್ತಿರ ಕೆಲಸ ಮಾಡುವ ಇನ್ನೊಬ್ಬನ ಜೊತೆ ಕೋಣೆ ಹಂಚಿಕೊಳ್ಳುವ ಏರ್ಪಾಡು ನೋಡೋಣ. ಬಾಡಿಗೆಯೂ ಅರ್ಧ ಆಗುತ್ತದೆ. ಅವನ ಉತ್ತರ, ತೀರ್ಪಿನ ಪ್ರತಿ, ಊರಮನೆಯ ಇ-ಸ್ವತ್ತು ಅಥವಾ ಪಹಣಿ ಹಿಡಿದುಕೊಂಡು ಕಾರವಾರದ ಪ್ರಾಧಿಕಾರದ ಕಚೇರಿಗೆ ಏಪ್ರಿಲ್ ಮೊದಲ ವಾರದೊಳಗೆ ಹೋಗಿ.